ಹತ್ತು ಸೆಂಟಿನ ನಾಣ್ಯ, ಅರವತ್ತೇಳರ ದರ್ಜೆ: ರೂಸ್‌ವೆಲ್ಟ್ ಡೈಮ್ ಸಂಗ್ರಹಿಸುವವರಿಗೆ

ನನ್ನ ಮೇಜಿನ ಮೇಲೆ ಎರಡು ಡೈಮ್‌ಗಳಿವೆ, ಅಂದರೆ ಅಮೆರಿಕದ ಹತ್ತು ಸೆಂಟಿನ ನಾಣ್ಯಗಳು. ಒಂದು 1955ರಲ್ಲಿ ಅಮೆರಿಕದ ಫಿಲಡೆಲ್ಫಿಯಾ ಟಂಕಸಾಲೆಯಲ್ಲಿ ತಯಾರಾದ ಬೆಳ್ಳಿಯ ನಾಣ್ಯ. ಆ ವರ್ಷ ಅಲ್ಲಿ ಚಲಾವಣೆಗೆಂದು ಹೊಡೆದವು ಸುಮಾರು 1.24 ಕೋಟಿ ಮಾತ್ರ. ಬೆಳ್ಳಿಯ ರೂಸ್‌ವೆಲ್ಟ್ ಡೈಮ್‌ಗಳಲ್ಲಿ ಇದಕ್ಕಿಂತ ಕಡಿಮೆ ಸಂಖ್ಯೆ ಬೇರೆ ಯಾವ ವರ್ಷಕ್ಕೂ ಇಲ್ಲ. ಇನ್ನೊಂದು ಅದೇ ಟಂಕಸಾಲೆಯ 1982ರ ನಾಣ್ಯ. ಇದರ ಸಂಖ್ಯೆ 51 ಕೋಟಿಗೂ ಹೆಚ್ಚು. ಸಂಖ್ಯೆಯನ್ನಷ್ಟೇ ನೋಡಿದರೆ ಮೊದಲನೆಯದು ದುಬಾರಿ, ಎರಡನೆಯದು ಚಿಲ್ಲರೆ ಎಂದು ಯಾರಾದರೂ ಹೇಳಿಯಾರು. ಆದರೆ ಚಲಾವಣೆಯ ಕೈಗಳಿಗೆ ಸಿಗದ, ಹೊಳಪು ಮಾಸದ, ಉನ್ನತ ದರ್ಜೆಯ ಪ್ರಮಾಣಪತ್ರ ಪಡೆದ ನಾಣ್ಯವನ್ನು ಹುಡುಕಹೊರಟರೆ 1955ರದ್ದು ಸುಲಭವಾಗಿ ಸಿಗುತ್ತದೆ. 1982ರದ್ದಕ್ಕೆ ವರ್ಷಗಟ್ಟಲೆ ಕಾಯಬೇಕಾಗುತ್ತದೆ. ಈ ವಿಚಿತ್ರ ಏಕೆಂದು ತಿಳಿದುಕೊಂಡರೆ ಆಧುನಿಕ ಡೈಮ್ ಸಂಗ್ರಹದ ಅರ್ಧ ವಿದ್ಯೆ ಕೈಗೆ ಬಂದಂತೆ. ಉಳಿದರ್ಧ ಕಣ್ಣಿನ ಅಭ್ಯಾಸ.

ದಾವಣಗೆರೆಯಲ್ಲಿ ಕೂತು ಅಮೆರಿಕದ ಹತ್ತು ಸೆಂಟಿನ ನಾಣ್ಯವನ್ನು ಏಕೆ ಸಂಗ್ರಹಿಸಬೇಕು ಎಂದು ಕೇಳುವವರಿದ್ದಾರೆ. ಪಕ್ಕದ ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಶಾತವಾಹನರ ನಾಣ್ಯಗಳ ಜೊತೆಗೆ ರೋಮನ್ನರ ಬೆಳ್ಳಿ ನಾಣ್ಯಗಳೂ ಸಿಕ್ಕಿವೆಯಾದ್ದರಿಂದ ಹೊರನಾಡಿನ ಬೆಳ್ಳಿ ಈ ಸೀಮೆಗೆ ಹೊಸದೇನಲ್ಲ ಎಂದು ನಾನು ಉತ್ತರಿಸುತ್ತೇನೆ. ನಿಜವಾದ ಕಾರಣ ಇದಕ್ಕಿಂತ ಸರಳವಾಗಿದೆ. ನಮ್ಮೂರಿನ ವೈದ್ಯಕೀಯ ಮತ್ತು ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಓದಿ ಅಮೆರಿಕಕ್ಕೆ ಹೋದವರು ಬೀದಿಗೊಬ್ಬರಾದರೂ ಇರುತ್ತಾರೆ. ಅವರು ರಜೆಗೆ ಬಂದಾಗ ಜೇಬಿನಲ್ಲಿ ಉಳಿದ ಚಿಲ್ಲರೆಯನ್ನು ಮಕ್ಕಳ ಕೈಗೆ ಕೊಟ್ಟು ಹೋಗುತ್ತಾರೆ. ನನ್ನ ಮೊದಲ ಡೈಮ್ ಬಂದದ್ದೂ ಹಾಗೆಯೇ.

ನಾಣ್ಯವನ್ನು ಮೊದಲು ಗುರುತಿಸುವುದು

ಅಧ್ಯಕ್ಷ ಫ್ರ್ಯಾಂಕ್ಲಿನ್ ರೂಸ್‌ವೆಲ್ಟ್ 1945ರ ಏಪ್ರಿಲ್ 12ರಂದು ತೀರಿಕೊಂಡರು. ಪೋಲಿಯೊದಿಂದ ಕಾಲಿನ ಶಕ್ತಿ ಕಳೆದುಕೊಂಡಿದ್ದ ಅವರು 1938ರಲ್ಲಿ ಆರಂಭಿಸಿದ ಪೋಲಿಯೊ ನಿಧಿಗೆ ಜನರು ಡೈಮ್‌ಗಳನ್ನೇ ಕಳುಹಿಸುತ್ತಿದ್ದುದರಿಂದ, ಅವರ ಮುಖವನ್ನು ಅಚ್ಚು ಹಾಕಲು ಬೇರೆ ಯಾವ ನಾಣ್ಯವೂ ಇಷ್ಟು ಹೊಂದುತ್ತಿರಲಿಲ್ಲ. 1946ರ ಜನವರಿ 30ರಂದು, ಅವರ ಜನ್ಮದಿನದಂದೇ, ಹೊಸ ಡೈಮ್ ಹೊರಬಂತು. ವಿನ್ಯಾಸಕಾರ ಜಾನ್ ಸಿನ್ನಾಕ್ ಕತ್ತಿನ ಕೆಳಗೆ ತಮ್ಮ ಹೆಸರಿನ 'ಜೆ', 'ಎಸ್' ಎಂಬ ಎರಡು ಅಕ್ಷರಗಳನ್ನು ಕೊರೆದಿದ್ದಾರೆ. ಅದು ಜೋಸೆಫ್ ಸ್ಟಾಲಿನ್ ಹೆಸರು ಎಂಬ ಗಾಳಿಮಾತು ಆಗ ಅಮೆರಿಕದಲ್ಲೆಲ್ಲ ಹರಡಿತ್ತಂತೆ. ಹಿಂಬದಿಯ ನಡುವೆ ಒಂದು ಪಂಜು, ಅದರ ಒಂದು ಪಕ್ಕ ಆಲಿವ್ ರೆಂಬೆ, ಇನ್ನೊಂದು ಪಕ್ಕ ಓಕ್ ರೆಂಬೆ. ಆ ಪಂಜನ್ನು ಈಗಲೇ ನೆನಪಿನಲ್ಲಿಟ್ಟುಕೊಳ್ಳಿ. ಮುಂದೆ ಹಣ ಕೊಡಬೇಕೋ ಬೇಡವೋ ಎಂದು ತೀರ್ಮಾನಿಸುವುದು ಅದೇ.

1946ರಿಂದ 1964ರವರೆಗಿನ ಡೈಮ್‌ಗಳಲ್ಲಿ ಶೇಕಡ 90 ಬೆಳ್ಳಿ, 10 ತಾಮ್ರ, ತೂಕ 2.5 ಗ್ರಾಂ. 1965ರಿಂದ ಚಲಾವಣೆಯ ಡೈಮ್‌ನ ಒಳಗೆ ಶುದ್ಧ ತಾಮ್ರದ ಹಲಗೆ, ಮೇಲೆ ಕೆಳಗೆ ತಾಮ್ರ–ನಿಕ್ಕಲ್ ಮಿಶ್ರಲೋಹದ ಹೊದಿಕೆ. ತೂಕ ಸುಮಾರು 2.27 ಗ್ರಾಂ. ವ್ಯಾಸ ಎರಡಕ್ಕೂ ಒಂದೇ, 17.9 ಮಿಲಿಮೀಟರ್. ಅಂಚನ್ನು ಓರೆಯಾಗಿ ಹಿಡಿದರೆ ಬೆಳ್ಳಿಯದ್ದು ಪೂರ್ತಿ ಬಿಳಿಯಾಗಿ, ಹೊದಿಕೆಯದ್ದು ನಡುವೆ ಕೆಂಪು ಗೆರೆಯೊಂದಿಗೆ ಕಾಣುತ್ತದೆ. ಸಂಶಯ ಬಂದರೆ ಅಕ್ಕಸಾಲಿಗರ ತಕ್ಕಡಿ ಸಾಕು. ಮಂಡಿಪೇಟೆಯಲ್ಲಿ ನಾನು ಹೋಗುವ ಅಂಗಡಿಯವರು ಮೊದಮೊದಲು "ಏನ್ರೀ ಮೇಷ್ಟ್ರೇ, ಇದನ್ನ ಕರಗಿಸಿದ್ರೆ ಒಂದು ಮೂಗುಬೊಟ್ಟೂ ಆಗಲ್ಲ" ಎಂದು ನಗುತ್ತಿದ್ದರು. ಈಗ ಕೇಳುವ ಮೊದಲೇ ತೂಗಿ ಚೀಟಿ ಬರೆದುಕೊಡುತ್ತಾರೆ.

ಟಂಕಸಾಲೆಯ ಗುರುತು 1964ರವರೆಗೆ ಹಿಂಬದಿಯಲ್ಲಿ, ಪಂಜಿನ ಬುಡದ ಎಡಕ್ಕೆ ಇರುತ್ತಿತ್ತು. 1965, 1966 ಮತ್ತು 1967ರಲ್ಲಿ ಯಾವ ಗುರುತೂ ಇಲ್ಲ. 1968ರಿಂದ ಅದು ಮುಂಬದಿಯಲ್ಲಿ, ಇಸವಿಯ ಮೇಲ್ಗಡೆಗೆ ಬಂತು. ಡೆನ್ವರ್‌ಗೆ 'ಡಿ', ಸ್ಯಾನ್ ಫ್ರಾನ್ಸಿಸ್ಕೊಗೆ 'ಎಸ್'. ಫಿಲಡೆಲ್ಫಿಯಾಕ್ಕೆ 1980ರವರೆಗೆ ಏನೂ ಇರಲಿಲ್ಲ, ಆ ವರ್ಷದಿಂದ 'ಪಿ'. 1982ರಲ್ಲಿ ಈ 'ಪಿ' ಇಲ್ಲದ ಅಚ್ಚಿನಿಂದ ಕೆಲವು ನಾಣ್ಯಗಳು ಹೊರಬಿದ್ದವು. ಒಹಾಯೊ ರಾಜ್ಯದ ಸ್ಯಾಂಡಸ್ಕಿಯ ಆಸುಪಾಸಿನಲ್ಲಿ ಅವು ಹೆಚ್ಚಾಗಿ ಕಂಡುಬಂದವು. ಅದು ತಪ್ಪು ನಾಣ್ಯದ ಸಂಗ್ರಹ, ಅದರ ಲೆಕ್ಕಾಚಾರವೇ ಬೇರೆ. ನಾನಿಲ್ಲಿ ಬರೆಯುತ್ತಿರುವುದು ತಪ್ಪಿಲ್ಲದ ನಾಣ್ಯದ ಬಗ್ಗೆ, ಅದರಲ್ಲೂ ತಪ್ಪೇ ಇಲ್ಲದ ಒಂದನ್ನು ಹುಡುಕುವ ಕಷ್ಟದ ಬಗ್ಗೆ.

ದರ್ಜೆಯ ಏಣಿಯ ತುದಿ

ಹತ್ತಿಯ ಎಳೆಯನ್ನು ಬೆರಳ ನಡುವೆ ಹಿಂಜಿ, ಉದ್ದ ನೋಡಿ, ಅದರ ಮೇಲೆ ದರ ಕಟ್ಟಿದ ಊರು ನಮ್ಮದು. ಆದ್ದರಿಂದ ದರ್ಜೆ ಎಂದರೇನು ಎಂದು ಇಲ್ಲಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಾಣ್ಯಕ್ಕೆ 1ರಿಂದ 70ರವರೆಗಿನ ಅಂಕ ಕೊಡುವ ಪದ್ಧತಿಯ ಮೂಲ ರೂಪವನ್ನು 1949ರಲ್ಲಿ ವಿಲಿಯಂ ಶೆಲ್ಡನ್ ಅಮೆರಿಕದ ಹಳೆಯ ದೊಡ್ಡ ಸೆಂಟುಗಳಿಗಾಗಿ ರೂಪಿಸಿದರು. 60ರಿಂದ ಮೇಲಿನವು ಚಲಾವಣೆಗೆ ಬಾರದ ನಾಣ್ಯಗಳು. ಅವುಗಳ ಅಂಕಕ್ಕೆ ಮೊದಲು 'ಎಂಎಸ್' (ಮಿಂಟ್ ಸ್ಟೇಟ್, ಅಂದರೆ ಟಂಕಸಾಲೆಯಿಂದ ಬಂದಾಗಿನ ಸ್ಥಿತಿ) ಎಂಬ ಅಕ್ಷರಗಳಿರುತ್ತವೆ. 1986ರಲ್ಲಿ ಪಿಸಿಜಿಎಸ್, ಮರುವರ್ಷ ಎನ್‌ಜಿಸಿ ಎಂಬ ಸಂಸ್ಥೆಗಳು ಹುಟ್ಟಿ, ನಾಣ್ಯವನ್ನು ಪರೀಕ್ಷಿಸಿ, ದರ್ಜೆ ಬರೆದು, ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಮುಚ್ಚಿ ಕೊಡುವ ಪದ್ಧತಿಯನ್ನು ವ್ಯಾಪಕಗೊಳಿಸಿದವು. ಈ ಪೆಟ್ಟಿಗೆಗೇ ಸ್ಲ್ಯಾಬ್ ಎನ್ನುವುದು.

ಆಧುನಿಕ ಡೈಮ್‌ಗೆ ಎಂಎಸ್ 65 ದೊಡ್ಡ ಮಾತಲ್ಲ. 66ನ್ನು ತಾಳ್ಮೆಯಿಂದ ಹುಡುಕಿದರೆ ಪಡೆಯಬಹುದು. ಬಹುತೇಕ ಇಸವಿಗಳಿಗೆ 67ರಲ್ಲಿ ದಾರಿ ಕಡಿದಾಗುತ್ತದೆ, 68ರಲ್ಲಿ ಬಂಡೆಯೇ ಎದುರಾಗುತ್ತದೆ. ಒಂದು ಅಂಕದ ವ್ಯತ್ಯಾಸಕ್ಕೆ ಬೆಲೆ ಹತ್ತು ಪಟ್ಟು ಏರುವುದೂ ಉಂಟು. ಆ ಒಂದು ಅಂಕದಲ್ಲಿ ಅಡಗಿರುವುದು ಕೆನ್ನೆಯ ಮೇಲಿನ ಕೂದಲೆಳೆಯಷ್ಟು ತೆಳ್ಳಗಿನ ಒಂದು ಗೀರು ಮಾತ್ರ ಆಗಿರಬಹುದು. ಸಂಗ್ರಹಕಾರರು ಇದನ್ನು ಸ್ಥಿತಿಯ ವಿರಳತೆ ಎನ್ನುತ್ತಾರೆ: ನಾಣ್ಯ ವಿರಳವಲ್ಲ, ಅದು ಆ ಸ್ಥಿತಿಯಲ್ಲಿ ಉಳಿದಿರುವುದು ವಿರಳ.

ಪ್ರೂಫ್ ನಾಣ್ಯಗಳನ್ನು ಇದರೊಡನೆ ಬೆರೆಸಬೇಡಿ. ಸಂಗ್ರಹಕಾರರಿಗೆಂದೇ ಮೆರುಗು ಕೊಟ್ಟ ಬಿಲ್ಲೆಯ ಮೇಲೆ ವಿಶೇಷ ಅಚ್ಚಿನಿಂದ ಹೊಡೆಯುವ ಇತ್ತೀಚಿನ ಪ್ರೂಫ್ ಡೈಮ್‌ಗಳಲ್ಲಿ 69 ಎಂಬುದು ಸರ್ವೇಸಾಮಾನ್ಯ, 70 ಕೂಡ ಧಾರಾಳ. "ಎಪ್ಪತ್ತಕ್ಕೆ ಎಪ್ಪತ್ತು" ಎಂಬ ಮಾತಿಗೆ ಮರುಳಾಗಿ ಅದಕ್ಕೆ ದೊಡ್ಡ ಬೆಲೆ ಕೊಡುವವರನ್ನು ಕಂಡರೆ ನನಗೆ ಮರುಕವಾಗುತ್ತದೆ. ಅತ್ತ ಚಲಾವಣೆಗೆಂದು ಹೊಡೆದ ಡೈಮ್ ಯಂತ್ರದಿಂದ ಬಿದ್ದ ಕ್ಷಣದಿಂದಲೇ ಇತರ ಸಾವಿರಾರು ನಾಣ್ಯಗಳ ಮೇಲೆ ಉರುಳಿ, ಚೀಲ ಸೇರಿ, ಎಣಿಸುವ ಯಂತ್ರಗಳಲ್ಲಿ ಹಾದು ಬರುತ್ತದೆ. ಅಷ್ಟಾದ ಮೇಲೂ 68ರ ಸ್ಥಿತಿಯಲ್ಲಿ ಉಳಿದಿದ್ದರೆ ಅದು ಅದೃಷ್ಟಶಾಲಿ ನಾಣ್ಯವೇ ಸರಿ.

ಪಂಜಿನ ಪಟ್ಟಿಗಳು

ಅಂಕದಷ್ಟೇ ಮುಖ್ಯವಾದ ಇನ್ನೊಂದು ಸಂಗತಿ ಸ್ಲ್ಯಾಬ್‌ನ ಚೀಟಿಯಲ್ಲಿ ಅಂಕದ ಪಕ್ಕದಲ್ಲೇ ಇರುತ್ತದೆ. ಹಿಂಬದಿಯ ಪಂಜನ್ನು ಅಡ್ಡಲಾಗಿ ಸುತ್ತಿದ ಪಟ್ಟಿಗಳ ಜೋಡಿಗಳಿವೆ. ಮೇಲಿನ ಜೋಡಿ, ಕೆಳಗಿನ ಜೋಡಿ ಎರಡರಲ್ಲೂ ಪಟ್ಟಿಗಳ ನಡುವಿನ ಗೆರೆ ಈ ತುದಿಯಿಂದ ಆ ತುದಿಗೆ ಎಲ್ಲೂ ಕೂಡಿಕೊಳ್ಳದೆ ಸ್ಪಷ್ಟವಾಗಿ ಬಿಟ್ಟುಕೊಂಡಿದ್ದರೆ ಪಿಸಿಜಿಎಸ್ ಅದಕ್ಕೆ ಫುಲ್ ಬ್ಯಾಂಡ್ಸ್ ಎಂಬ ಸೂಚನೆ ಕೊಡುತ್ತದೆ. ಎನ್‌ಜಿಸಿ ಇದನ್ನು ಫುಲ್ ಟಾರ್ಚ್ ಎನ್ನುತ್ತದೆ. ಅಲ್ಲಿ ಪಟ್ಟಿಗಳಷ್ಟೇ ಅಲ್ಲದೆ ಪಂಜಿನ ಉದ್ದಗೆರೆಗಳೂ ಸ್ಪಷ್ಟವಾಗಿರಬೇಕು. ಈ ಸೂಚನೆಗಳು ಬಳಕೆಗೆ ಬಂದದ್ದು 2000ರ ದಶಕದ ಆರಂಭದಲ್ಲಿ. ಹಾಗಾಗಿ ಅದಕ್ಕೂ ಹಿಂದಿನ ಹಳೆಯ ಸ್ಲ್ಯಾಬ್‌ಗಳಲ್ಲಿ ಸೂಚನೆ ಇಲ್ಲದಿದ್ದ ಮಾತ್ರಕ್ಕೆ ಪಟ್ಟಿಗಳು ಅಸ್ಪಷ್ಟವೆಂದು ಹೇಳಲಾಗದು. ಬಲ್ಲವರು ಇಂಥ ಹಳೆಯ ಸ್ಲ್ಯಾಬ್‌ಗಳನ್ನೇ ಹುಡುಕುತ್ತಾರೆ.

ಪಟ್ಟಿಗಳು ಪೂರ್ತಿ ಮೂಡದಿರಲು ಕಾರಣ ಸವೆತವಲ್ಲ, ಹೊಡೆತದ ದುರ್ಬಲತೆ. ಅಚ್ಚು ಬಿಲ್ಲೆಯನ್ನು ಒತ್ತಿದಾಗ ಲೋಹ ಎರಡೂ ಬದಿಯ ತಗ್ಗುಗಳಿಗೆ ಹರಿಯಬೇಕು. ಪಂಜು ನಾಣ್ಯದ ನಟ್ಟನಡುವೆ ಇದೆ. ಅದರ ಬೆನ್ನಿಗೇ ಮುಂಬದಿಯಲ್ಲಿ ರೂಸ್‌ವೆಲ್ಟ್ ತಲೆಯ ಉಬ್ಬು ಇದೆ. ಇರುವ ಲೋಹವನ್ನು ಎರಡೂ ಕಡೆ ಹಂಚಿಕೊಳ್ಳಬೇಕಾದಾಗ ಕೊನೆಗೆ ತುಂಬುವ ಜಾಗಕ್ಕೆ ಕೊರತೆ ಬೀಳುತ್ತದೆ. ಬೆಳ್ಳಿಗಿಂತ ತಾಮ್ರ–ನಿಕ್ಕಲ್ ಹೊದಿಕೆ ಗಡುಸು; ಜೊತೆಗೆ 1960ರ ದಶಕದ ಮಧ್ಯಭಾಗದಲ್ಲಿ ಚಿಲ್ಲರೆಯ ಅಭಾವ ತಲೆದೋರಿ ಟಂಕಸಾಲೆಗಳು ಹಗಲಿರುಳು ದುಡಿದವು, 1965ರ ಇಸವಿಯ ಡೈಮ್‌ಗಳೊಂದೇ 165 ಕೋಟಿ ದಾಟಿದವು. ಸವೆದ ಅಚ್ಚುಗಳಲ್ಲೇ ಹೊಡೆತ ಮುಂದುವರಿದರೆ ಪಂಜಿನ ಪಟ್ಟಿ ಬೆಣ್ಣೆಯಂತೆ ಬೆರೆತುಹೋಗುವುದು ಸಹಜ. ಹೊದಿಕೆ ಲೋಹದ ಆರಂಭದ ವರ್ಷಗಳಲ್ಲಿ ಪೂರ್ಣ ಪಟ್ಟಿಯ ಚಲಾವಣೆ ನಾಣ್ಯ ಕಷ್ಟವೆಂದು ಸಂಗ್ರಹಕಾರರೆಲ್ಲ ಒಪ್ಪುವುದು ಈ ಕಾರಣಕ್ಕೆ. ಇತ್ತೀಚಿನ ಇಸವಿಗಳಲ್ಲಿ ಪಟ್ಟಿ ಸ್ಪಷ್ಟವಾಗಿರುವುದು ಸಾಮಾನ್ಯ. ಅಲ್ಲಿ ಕಷ್ಟವೇನಿದ್ದರೂ ಗೀರುಗಳದ್ದು.

ನಿಜವಾದ ವಿರಳತೆ ಎಲ್ಲಿದೆ

ಈಗ ಮೇಜಿನ ಮೇಲಿನ ಎರಡು ನಾಣ್ಯಗಳಿಗೆ ಹಿಂತಿರುಗೋಣ. 1955ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಟಂಕಸಾಲೆಯಲ್ಲಿ ನಾಣ್ಯ ಹೊಡೆಯುವುದು ನಿಲ್ಲಲಿದೆ ಎಂಬ ಸುದ್ದಿ ಹಬ್ಬಿತ್ತು; ಮೂರೂ ಟಂಕಸಾಲೆಗಳ ಡೈಮ್ ಸಂಖ್ಯೆ ಕಡಿಮೆಯಿತ್ತು; ಬ್ಯಾಂಕು ಕಾಗದದಲ್ಲಿ ಸುತ್ತಿ ಕೊಡುವ ರೋಲುಗಟ್ಟಲೆ ನಾಣ್ಯ ಕೊಂಡಿಡುವ ಹುಚ್ಚೂ ಆ ಕಾಲದ ಅಮೆರಿಕದಲ್ಲಿ ಜೋರಾಗಿತ್ತು. ಹೀಗಾಗಿ ಆ ನಾಣ್ಯಗಳಲ್ಲಿ ದೊಡ್ಡ ಪಾಲು ಬ್ಯಾಂಕಿನಿಂದ ನೇರವಾಗಿ ಜನರ ಕಪಾಟು ಸೇರಿತು. ಅಪರೂಪವಾಗಲಿದೆ ಎಂದು ಎಲ್ಲರೂ ಎತ್ತಿಟ್ಟ ವಸ್ತು ಅಪರೂಪವಾಗುವುದಿಲ್ಲ.

1982ರ ಕಥೆ ಇದಕ್ಕೆ ತೀರಾ ವಿರುದ್ಧ. ಅಮೆರಿಕದ ಟಂಕಸಾಲೆ ಪ್ರತಿ ವರ್ಷದ ಚಲಾವಣೆ ನಾಣ್ಯಗಳ ಒಂದು ಮಿಂಟ್ ಸೆಟ್ಟನ್ನು ಪೊಟ್ಟಣ ಮಾಡಿ ಸಂಗ್ರಹಕಾರರಿಗೆ ಮಾರುವ ರೂಢಿ 1947ರಿಂದ ಇದೆ. ನಮಗೆ ಸಿಗುವ 66, 67ರ ಡೈಮ್‌ಗಳಲ್ಲಿ ಬಹುಪಾಲು ಈ ಸೆಟ್‌ಗಳಿಂದಲೇ ಬಂದವು. ಆದರೆ 1982 ಮತ್ತು 1983ರಲ್ಲಿ ಈ ಸೆಟ್ ಮಾರಾಟಕ್ಕೆ ಬರಲಿಲ್ಲ. ಟಂಕಸಾಲೆಗೆ ಭೇಟಿ ಕೊಟ್ಟವರಿಗೆ ಸಣ್ಣ ಸ್ಮರಣಿಕೆ ಪೊಟ್ಟಣಗಳು ಸಿಕ್ಕವು, ಅಷ್ಟೇ. ಮಾಮೂಲಿ ಚಿಲ್ಲರೆಯನ್ನು ಎತ್ತಿಡುವ ಯೋಚನೆ ಆಗ ಯಾರಿಗೂ ಇರಲಿಲ್ಲ. ಕೋಟಿಗಟ್ಟಲೆ ಹೊಡೆದ ನಾಣ್ಯ ಕೋಟಿಗಟ್ಟಲೆ ಕೈಗಳಿಗೆ ಹೋಗಿ ಸವೆಯಿತು. 1982, 1983ರ ಪಿ ಮತ್ತು ಡಿ ಡೈಮ್‌ಗಳು ಪೂರ್ಣ ಪಟ್ಟಿಯೊಂದಿಗೆ 67ರಲ್ಲಿ ಎದುರಾದರೆ, ಬೆಲೆ ನ್ಯಾಯವಾಗಿದ್ದರೆ, ನಾನು ಹೆಚ್ಚು ಯೋಚಿಸುವುದಿಲ್ಲ.

ಇಂಥದ್ದೇ ಇನ್ನೊಂದು ಸಂದು 2005ರಿಂದ 2010ರವರೆಗೆ ಇದೆ, ಹೆಚ್ಚಿನವರು ಇದನ್ನು ಗಮನಿಸುವುದಿಲ್ಲ. ಆ ವರ್ಷಗಳ ಮಿಂಟ್ ಸೆಟ್‌ಗಳಲ್ಲಿರುವುದು ಚಲಾವಣೆಯ ನಾಣ್ಯವಲ್ಲ. ರೇಷ್ಮೆಯಂಥ ಮಂದ ಮೆರುಗಿನ ವಿಶೇಷ ನಾಣ್ಯ. ಪಿಸಿಜಿಎಸ್ ಅದನ್ನು 'ಎಸ್‌ಪಿ' (ಸ್ಪೆಸಿಮೆನ್, ಅಂದರೆ ಮಾದರಿ ನಾಣ್ಯ) ಎಂದು ಬೇರೆ ಲೆಕ್ಕದಲ್ಲಿಡುತ್ತದೆ, ಮತ್ತು ಅದು ಉನ್ನತ ಅಂಕಗಳಲ್ಲಿ ಧಾರಾಳವಾಗಿ ಸಿಗುತ್ತದೆ. ಅದೇ ಇಸವಿಯ ನಿಜವಾದ ಎಂಎಸ್ ಡೈಮ್ ಬೇಕೆಂದರೆ ಬ್ಯಾಂಕ್ ರೋಲ್ ಒಂದೇ ದಾರಿ. ಅದರಲ್ಲಿ 2009 ಗಮನಾರ್ಹ ವರ್ಷ: ಆರ್ಥಿಕ ಕುಸಿತದಿಂದ ಚಿಲ್ಲರೆಗೆ ಬೇಡಿಕೆ ಬಿದ್ದುಹೋಗಿ ಡೆನ್ವರ್‌ನಲ್ಲಿ ಹೊಡೆದ ಡೈಮ್ 4.95 ಕೋಟಿ ಮಾತ್ರ. 1965ರಿಂದ 1967ರ ವಿಶೇಷ ಮಿಂಟ್ ಸೆಟ್‌ಗಳದ್ದೂ ಹೀಗೆಯೇ ಬೇರೆ ಲೆಕ್ಕ. ಬೆಳ್ಳಿಯ ಡೈಮ್ ಸಂಗ್ರಹಿಸುವವರಿಗೆ 1947ರಿಂದ 1958ರವರೆಗಿನ ಸೆಟ್‌ಗಳು ಇನ್ನೊಂದು ಕುತೂಹಲ: ರಟ್ಟಿನ ಹಲಗೆಯಲ್ಲಿದ್ದ ಗಂಧಕದ ಅಂಶ ತಾಗಿ ಆ ಡೈಮ್‌ಗಳ ಮೇಲೆ ನವಿಲುಗರಿಯಂಥ ಬಣ್ಣ ಏರಿರುತ್ತದೆ. ಕೆಲವರು ಇದಕ್ಕೆ ಮುಗಿಬೀಳುತ್ತಾರೆ. ನನಗೆ ಬಿಳಿಯದೇ ಇಷ್ಟ.

ಗಣತಿಯ ಪಟ್ಟಿ ಓದುವಾಗ

ಎರಡೂ ಸಂಸ್ಥೆಗಳು ತಾವು ಯಾವ ಇಸವಿಗೆ, ಯಾವ ದರ್ಜೆಯಲ್ಲಿ, ಎಷ್ಟು ನಾಣ್ಯಗಳಿಗೆ ಪ್ರಮಾಣಪತ್ರ ಕೊಟ್ಟಿದ್ದೇವೆ ಎಂಬ ಗಣತಿಯನ್ನು ಅಂತರ್ಜಾಲದಲ್ಲಿ ಪ್ರಕಟಿಸುತ್ತವೆ. ಕೊಳ್ಳುವ ಮುನ್ನ ಇದನ್ನು ನೋಡಲೇಬೇಕು, ಆದರೆ ನೋಡಿದ್ದನ್ನು ಹಾಗೆಯೇ ನಂಬಬಾರದು. 67ರಲ್ಲಿ ಐದೇ ನಾಣ್ಯ ಎಂದಿದ್ದರೆ ಜಗತ್ತಿನಲ್ಲಿ ಐದೇ ಇವೆ ಎಂದರ್ಥವಲ್ಲ. ಐದನ್ನು ಮಾತ್ರ ಯಾರೋ ಶುಲ್ಕ ಕಟ್ಟಿ ಕಳುಹಿಸಿದ್ದಾರೆ ಎಂದರ್ಥ. ಹತ್ತು ಸೆಂಟಿನ ನಾಣ್ಯಕ್ಕೆ ಶುಲ್ಕ, ಅಂಚೆ, ವಿಮೆ ಎಲ್ಲ ಸೇರಿ ಅದರ ನೂರಾರು ಪಟ್ಟು ಖರ್ಚಾಗುವುದರಿಂದ, 68 ಬರಬಹುದು ಎಂಬ ಆಸೆ ಇಲ್ಲದವರು ಕಳುಹಿಸುವುದೇ ಇಲ್ಲ. ಆದ್ದರಿಂದಲೇ ಕೆಲವು ಸಾಮಾನ್ಯ ಇಸವಿಗಳಲ್ಲಿ 64ರ ನಾಣ್ಯಗಳ ಸಂಖ್ಯೆ 67ರದ್ದಕ್ಕಿಂತ ಕಡಿಮೆ ಕಾಣುವ ತಮಾಷೆಯೂ ನಡೆಯುತ್ತದೆ. ಇನ್ನು ಹೆಚ್ಚಿನ ಅಂಕ ಬಂದೀತೆಂದು ಒಂದೇ ನಾಣ್ಯವನ್ನು ಸ್ಲ್ಯಾಬ್ ಒಡೆದು ಮತ್ತೆ ಮತ್ತೆ ಕಳುಹಿಸುವವರಿದ್ದಾರೆ. ಹಳೆಯ ಚೀಟಿಯನ್ನು ಹಿಂದಿರುಗಿಸದಿದ್ದರೆ ಆ ಒಂದೇ ನಾಣ್ಯ ಗಣತಿಯಲ್ಲಿ ಮೂರಾಗಿ ನಿಲ್ಲುತ್ತದೆ.

ಈ ಪಾಠಕ್ಕೆ ನಾನು ದಂಡ ತೆತ್ತಿದ್ದೇನೆ. ಹಲವು ವರ್ಷಗಳ ಹಿಂದೆ, 1990ರ ದಶಕದ ಒಂದು ಡೈಮ್ ತನ್ನ ದರ್ಜೆಯಲ್ಲಿ ನಾಲ್ಕೇ ಇವೆ, ಇದಕ್ಕಿಂತ ಮೇಲಿನದು ಒಂದೂ ಇಲ್ಲ ಎಂಬ ವಿವರಣೆ ಓದಿ, ಒಂದು ತಿಂಗಳ ಪಿಂಚಣಿಯ ಅರ್ಧದಷ್ಟು ಹಣ ಕೊಟ್ಟು ತರಿಸಿಕೊಂಡೆ. ಮಾರಿದವನು ಸುಳ್ಳೇನೂ ಹೇಳಿರಲಿಲ್ಲ. ಅಂದಿಗೆ ಗಣತಿ ಹಾಗೆಯೇ ಇತ್ತು. ಆ ಬೆಲೆಯನ್ನು ಕಂಡ ಉಳಿದವರು ತಮ್ಮ ಬಳಿಯಿದ್ದ ಸೆಟ್‌ಗಳನ್ನೆಲ್ಲ ಬಿಚ್ಚಿ ನೋಡಿ ಕಳುಹಿಸತೊಡಗಿದರು. ಮೂರು ವರ್ಷದಲ್ಲಿ ಎಣಿಕೆ ಎರಡು ಕೈಯ ಬೆರಳುಗಳನ್ನು ಮೀರಿತು, ಬೆಲೆ ಮೂರನೇ ಒಂದು ಭಾಗಕ್ಕಿಳಿಯಿತು. ಆ ಇಸವಿಗೆ ಲಕ್ಷಾಂತರ ಮಿಂಟ್ ಸೆಟ್‌ಗಳಿವೆ ಎಂಬುದನ್ನು ನಾನು ಮೊದಲೇ ಯೋಚಿಸಬೇಕಿತ್ತು.

ಅಂದಿನಿಂದ ನಾನು ಪ್ರತಿ ಗಣತಿಯ ಮುಂದೆ ಒಂದೇ ಪ್ರಶ್ನೆ ಇಡುತ್ತೇನೆ: ಈ ಸಂಖ್ಯೆ ನಾಳೆ ಬೆಳೆಯುವುದಾದರೆ ನಾಣ್ಯ ಎಲ್ಲಿಂದ ಬರಬೇಕು? ಬಿಚ್ಚದ ಸೆಟ್‌ಗಳ ರಾಶಿ ಇದ್ದರೆ ಕಾಯುವುದು ಲೇಸು. ಸೆಟ್ಟೇ ಇಲ್ಲದ, ರೋಲ್‌ಗಳೂ ಕೈಗೆ ಸಿಗದ, ಹೊಡೆತವೂ ದುರ್ಬಲವಾದ ಇಸವಿಯಾದರೆ ಆ ಸಂಖ್ಯೆ ನಿಧಾನವಾಗಿ ಬೆಳೆಯುತ್ತದೆ. ಇಂದು ಗಣತಿಯಲ್ಲಿ ಐದೆಂದಿರುವ ಎರಡು ಡೈಮ್‌ಗಳು ಹೀಗೆ ಒಂದೇ ಬೆಲೆಗೆ ಯೋಗ್ಯವಲ್ಲದೇ ಹೋಗುತ್ತವೆ. ಬೆಲೆಯನ್ನು ಏರಿಸುವುದು ಬಹುಮಟ್ಟಿಗೆ ಆ ಸಂಸ್ಥೆಗಳದ್ದೇ ರಿಜಿಸ್ಟ್ರಿ ಸ್ಪರ್ಧೆ, ಅಂದರೆ ಯಾರ ಸಂಗ್ರಹ ಮೇಲು ಎಂದು ಸ್ಥಾನ ಕೊಡುವ ಪಟ್ಟಿ. ತಮ್ಮ ಸಂಗ್ರಹ ಮೊದಲ ಸ್ಥಾನಕ್ಕೆ ಬರಲಿ ಎಂದು ಇಬ್ಬರು ಹಟ ಹಿಡಿದರೆ ಒಂದು ಡೈಮ್ ಬೆಲೆ ಆಕಾಶ ಮುಟ್ಟುತ್ತದೆ, ಅವರಲ್ಲೊಬ್ಬರು ಕೈಬಿಟ್ಟರೆ ನೆಲ ಕಚ್ಚುತ್ತದೆ.

ದೀಪದ ಕೆಳಗೆ

ನಾಣ್ಯ ನೋಡಲು ಐದರಿಂದ ಹತ್ತು ಪಟ್ಟು ಹಿಗ್ಗಿಸುವ ಒಂದು ಲೂಪ್, ಬಗ್ಗಿಸಬಹುದಾದ ಮೇಜುದೀಪ, ಅದಕ್ಕೊಂದು ಹಳೆಯ ಕಾಲದ ತಂತಿಯ ಬಲ್ಬು, ಕೆಳಗೆ ಹಾಸಲು ಮೆತ್ತನೆಯ ಬಟ್ಟೆ ಇದ್ದರೆ ಸಾಕು. ಟ್ಯೂಬ್‌ಲೈಟ್ ಬೆಳಕು ನಾಲ್ಕೂ ಕಡೆ ಹರಡಿ ಗೀರುಗಳನ್ನು ಮುಚ್ಚಿಡುತ್ತದೆ. ಕೋಣೆಯ ಉಳಿದ ದೀಪಗಳನ್ನು ಆರಿಸಿ, ಕೈ ತೊಳೆದು ಒರೆಸಿ, ಹೆಬ್ಬೆರಳು ತೋರುಬೆರಳುಗಳಿಂದ ಅಂಚನ್ನು ಮಾತ್ರ ಹಿಡಿದು ನಿಧಾನವಾಗಿ ಓಲಾಡಿಸಿ. ಹೊಸ ನಾಣ್ಯದಲ್ಲಿ ಬೆಳಕು ನಿಂತಲ್ಲಿ ನಿಲ್ಲದೆ ಗಾಲಿಯ ಕಡ್ಡಿಗಳಂತೆ ಸುತ್ತುತ್ತದೆ. ಲೋಹ ಅಚ್ಚಿನಲ್ಲಿ ಹರಿದ ಸೂಕ್ಷ್ಮ ಗೆರೆಗಳಿಂದ ಬರುವ ಹೊಳಪು ಅದು. ಸುತ್ತು ಎಲ್ಲಾದರೂ ಕಡಿದರೆ, ಅಲ್ಲಿ ಬೆರಳೋ ಬಟ್ಟೆಯೋ ಆಡಿದೆ.

ಮೊದಲು ಕೆನ್ನೆ ಮತ್ತು ದವಡೆ ನೋಡಿ, ಆಮೇಲೆ ಮುಖದ ಮುಂದಿನ ಬಯಲು, ಕೊನೆಗೆ ಪಂಜು. ಒಂದು ರೋಲ್‌ನಲ್ಲಿ ಐವತ್ತು ಡೈಮ್ ಇರುತ್ತವೆ; ಅವುಗಳಲ್ಲಿ ನಲವತ್ತಕ್ಕೂ ಹೆಚ್ಚನ್ನು ಕೆನ್ನೆ ನೋಡಿಯೇ ಪಕ್ಕಕ್ಕೆ ಸರಿಸಬಹುದು. ಉಳಿದವುಗಳ ಪಂಜನ್ನು ಲೂಪ್‌ನಲ್ಲಿ ನೋಡುವಾಗ ನಾಣ್ಯವನ್ನು ಸ್ವಲ್ಪ ತಿರುಗಿಸಿ, ಬೆಳಕು ಪಟ್ಟಿಗಳಿಗೆ ಅಡ್ಡಲಾಗಿ ಬೀಳುವಂತೆ ಮಾಡಿ. ಕಳೆದ ಬೇಸಿಗೆಯಲ್ಲಿ ನೋಡಿದ 1983ರ ಡೆನ್ವರ್ ಡೈಮ್ ಒಂದರಲ್ಲಿ ಮೇಲಿನ ಜೋಡಿ ಚೂರಿಯಲ್ಲಿ ಕೊರೆದಷ್ಟು ಸ್ಪಷ್ಟವಾಗಿತ್ತು. ಕೆಳಗಿನ ಜೋಡಿಯ ಬಲ ತುದಿಯಲ್ಲಿ ಮಾತ್ರ ಸಾಸಿವೆಯ ಸಿಪ್ಪೆಯಷ್ಟು ಲೋಹ ಒಂದು ಪಟ್ಟಿಯಿಂದ ಇನ್ನೊಂದಕ್ಕೆ ಸೇತುವೆ ಕಟ್ಟಿತ್ತು. ಅಷ್ಟೇ ಸಾಕು, ಸೂಚನೆ ಸಿಗುವುದಿಲ್ಲ. ನಿಮ್ಮ ಕಣ್ಣು ಆ ಸೇತುವೆಯನ್ನು ಕ್ಷಮಿಸಲು ನೋಡುತ್ತದೆ. ಅದಕ್ಕೆ ಅವಕಾಶ ಕೊಡಬೇಡಿ.

ತೊಳೆಯುವ, ತಿಕ್ಕುವ ಕೆಲಸಕ್ಕೆ ಕೈ ಹಾಕಲೇಬಾರದು. ನನ್ನ ಸಂಗ್ರಹದ ಮೊತ್ತಮೊದಲ 1946ರ ಬೆಳ್ಳಿ ಡೈಮನ್ನು ನಮ್ಮ ತಾಯಿಯವರು ದೀಪಾವಳಿಯ ಮುನ್ನಾದಿನ ದೇವರ ದೀಪಗಳ ಜೊತೆಗೆ ವಿಭೂತಿ ಹಚ್ಚಿ ಬೆಳಗಿಬಿಟ್ಟರು. ಕನ್ನಡಿಯಂತೆ ಹೊಳೆಯಿತು, ನಾಣ್ಯವಾಗಿ ಸತ್ತಿತು. ಲೂಪ್‌ನಲ್ಲಿ ನೋಡಿದರೆ ಮೈಯೆಲ್ಲ ಒಂದೇ ದಿಕ್ಕಿನ ಸಣ್ಣ ಗೀರುಗಳು. ಇಂಥದ್ದಕ್ಕೆ ಸಂಸ್ಥೆಗಳು ಅಂಕವನ್ನೇ ಕೊಡದೆ, ತೊಳೆದ ನಾಣ್ಯ ಎಂದು ಬರೆದು ಕಳುಹಿಸುತ್ತವೆ.

ತರಿಸುವುದು, ಕಳುಹಿಸುವುದು, ಇಡುವುದು

ಅಮೆರಿಕದಲ್ಲಿರುವ ನೆಂಟರಿಗೆ "ಡೈಮ್ ತಗೊಂಡು ಬಾರಪ್ಪಾ" ಎಂದರೆ ಜೇಬಿನ ಚಿಲ್ಲರೆ ತರುತ್ತಾರೆ. ಬೇಕಾದದ್ದನ್ನು ಬಿಡಿಸಿ ಹೇಳಬೇಕು: ಇಂತಿಂಥ ಇಸವಿಯ ಬಿಚ್ಚದ ಮಿಂಟ್ ಸೆಟ್, ಅಥವಾ ಬ್ಯಾಂಕಿನ ಕಾಗದ ಸುತ್ತಿದ ಹೊಸ ರೋಲ್. ಸಾಮಾನ್ಯ ವರ್ಷಗಳ ಮಿಂಟ್ ಸೆಟ್‌ಗಳು ದುಬಾರಿಯಲ್ಲ. ಅವನ್ನು ಕೊಂಡು ಸ್ವತಃ ಆರಿಸುವುದು ಕಣ್ಣನ್ನು ಪಳಗಿಸಲು ಅತ್ಯುತ್ತಮ ದಾರಿ. ಅಂಚೆಯಲ್ಲಿ ತರಿಸಿದರೆ ಕಸ್ಟಮ್ಸ್ ಸುಂಕ ಬೀಳಬಹುದು, ಬೆಲೆಪಟ್ಟಿಯನ್ನು ಪೊಟ್ಟಣದಲ್ಲೇ ಇರಿಸುವಂತೆ ಮಾರುವವರಿಗೆ ತಿಳಿಸಿ. ಸ್ಲ್ಯಾಬ್ ಕೊಳ್ಳುವುದಾದರೆ ಅದರ ಮೇಲಿನ ಪ್ರಮಾಣಪತ್ರದ ಸಂಖ್ಯೆಯನ್ನು ಸಂಸ್ಥೆಯ ತಾಣದಲ್ಲಿ ಪರಿಶೀಲಿಸಿ, ಅಲ್ಲಿ ಚಿತ್ರವಿದ್ದರೆ ಒಂದೊಂದು ಗೀರನ್ನೂ ಹೋಲಿಸಿ. ನಕಲಿ ಸ್ಲ್ಯಾಬ್‌ಗಳು ನಿಜವಾದ ಸಂಖ್ಯೆಯನ್ನೇ ಹೊತ್ತು ಬರುತ್ತವೆ. ಶುರುವಿನಲ್ಲಿ ಒಂದು 65, ಒಂದು 66, ಒಂದು 67ರ ಅಗ್ಗದ ಇಸವಿಯ ಸ್ಲ್ಯಾಬ್‌ಗಳನ್ನು ಪಕ್ಕಪಕ್ಕ ಇಟ್ಟು ತಿಂಗಳುಗಟ್ಟಲೆ ನೋಡಿ. ಅವೇ ನಿಮ್ಮ ಅಳತೆಗೋಲು.

ನಿಮ್ಮ ನಾಣ್ಯವನ್ನು ದರ್ಜೆಗೆ ಕಳುಹಿಸುವಾಗ ಒಂದೊಂದಾಗಿ ಕಳುಹಿಸಿದರೆ ಅಂಚೆ ಖರ್ಚೇ ನುಂಗಿಬಿಡುತ್ತದೆ. ನಾಲ್ಕಾರು ಸಂಗ್ರಹಕಾರರು ಸೇರಿ, ಆ ಸಂಸ್ಥೆಗಳೊಡನೆ ವ್ಯವಹರಿಸುವ ನಾಣ್ಯ ವ್ಯಾಪಾರಿಯ ಮೂಲಕ ಒಟ್ಟಿಗೆ ಕಳುಹಿಸುವುದು ವಾಸಿ. 67 ಬಂದರೆ ಮಾತ್ರ ಖರ್ಚು ಹುಟ್ಟುವ ನಾಣ್ಯವನ್ನು, 67 ಬರುವುದೆಂದು ಮೂರು ಬೇರೆ ಬೇರೆ ದಿನ ನೋಡಿಯೂ ಅನಿಸಿದರೆ ಮಾತ್ರ, ಕಳುಹಿಸಿ. ಡೈಮ್‌ಗಳಿಗೆ ತೊಡಕಿಲ್ಲ, ಆದರೆ ಅವುಗಳ ಜೊತೆಗೆ ಮನೆಯಲ್ಲಿರುವ ಹಳೆಯ ಮೈಸೂರು ನಾಣ್ಯವನ್ನೂ ಕಳುಹಿಸೋಣ ಎಂದುಕೊಳ್ಳಬೇಡಿ: ನೂರು ವರ್ಷ ದಾಟಿದ ನಾಣ್ಯ 1972ರ ಪುರಾವಸ್ತು ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ, ಖಾಸಗಿಯಾಗಿ ಅದನ್ನು ದೇಶದ ಹೊರಗೆ ಕಳುಹಿಸುವಂತಿಲ್ಲ.

ಮೆತ್ತನೆಯ ಪಿವಿಸಿ ಪ್ಲಾಸ್ಟಿಕ್ ಚೀಲಗಳಲ್ಲಿ ನಾಣ್ಯ ಇಡಬೇಡಿ. ಅದು ನಮ್ಮ ಬೇಸಿಗೆಯ ಸೆಕೆಗೆ ಬೆವತು ನಾಣ್ಯದ ಮೇಲೆ ಹಸಿರು ಅಂಟು ಬಿಡುತ್ತದೆ. ಗಟ್ಟಿ ಪ್ಲಾಸ್ಟಿಕ್ ಕವಚ, ಗಾಳಿ ಬಿಗಿದ ಡಬ್ಬಿ, ಒಳಗೆ ಸಿಲಿಕಾ ಜೆಲ್ ಪೊಟ್ಟಣ ಇಷ್ಟು ಸಾಕು. ಮಳೆಗಾಲಕ್ಕೆ ಮುಂಚೆ ಪೊಟ್ಟಣಗಳನ್ನು ಬದಲಿಸಿ.

ನಮ್ಮ ಹತ್ತು ಪೈಸೆಗೂ ಇದೇ ಕಣ್ಣು

ಡೈಮ್ ನೋಡಿ ಕಲಿತದ್ದನ್ನು ನಮ್ಮ ಹತ್ತು ಪೈಸೆಗೆ ಹಚ್ಚಿದರೆ ಇನ್ನೊಂದು ಲೋಕವೇ ತೆರೆಯುತ್ತದೆ. 1957ರ ಏಪ್ರಿಲ್‌ನಲ್ಲಿ ನಯಾಪೈಸೆ ಬಂದ ಮೇಲೆ ಹತ್ತರ ನಾಣ್ಯ ಮೊದಲು ತಾಮ್ರ–ನಿಕ್ಕಲ್, ಆಮೇಲೆ ನಿಕ್ಕಲ್–ಹಿತ್ತಾಳೆ, ಅನಂತರ ಅಲ್ಯುಮಿನಿಯಂ, 1988ರಿಂದ ಸ್ಟೇನ್‌ಲೆಸ್ ಸ್ಟೀಲ್ ಎಂದು ಮೈ ಬದಲಿಸುತ್ತ ಬಂತು. 2011ರ ಜೂನ್ 30ರಿಂದ ಇಪ್ಪತ್ತೈದು ಪೈಸೆಯವರೆಗಿನ ಎಲ್ಲವೂ ಚಲಾವಣೆ ಕಳೆದುಕೊಂಡವು. 1970ರ ದಶಕದ ಅಲ್ಯುಮಿನಿಯಂ ಹತ್ತು ಪೈಸೆ ಉಗುರು ತಾಗಿದರೂ ಗೀರು ಬೀಳುವಷ್ಟು ಮೆತ್ತಗೆ. ಅದನ್ನು ಹೊಸದರಂತೆ ಎತ್ತಿಟ್ಟವರು ಯಾರು? ದಿನಸಿ ಅಂಗಡಿಯ ಗಲ್ಲಾಪೆಟ್ಟಿಗೆಯಲ್ಲಿ ಮಿಕ್ಕಿದ್ದು ಚೀಲಗಟ್ಟಲೆ ಸಿಗುತ್ತದೆ, ಗೀರಿಲ್ಲದ ಒಂದು ಸಿಗುವುದಿಲ್ಲ. ಮುಂಬಯಿ ಟಂಕಸಾಲೆಗೆ ವಜ್ರದಾಕಾರ, ಹೈದರಾಬಾದಿಗೆ ನಕ್ಷತ್ರ, ನೋಯ್ಡಾಕ್ಕೆ ಚುಕ್ಕೆ, ಕೋಲ್ಕತ್ತಾಕ್ಕೆ ಯಾವ ಗುರುತೂ ಇಲ್ಲ ಎಂಬುದನ್ನು ಇಸವಿಯ ಕೆಳಗೆ ನೋಡಿ ವಿಂಗಡಿಸಬಹುದು. ಇವುಗಳಿಗೂ ಅದೇ ಸಂಸ್ಥೆಗಳು ದರ್ಜೆ ಕೊಡುತ್ತವೆ. ಕಳುಹಿಸಿದವರು ತೀರಾ ಕಡಿಮೆಯಾದ್ದರಿಂದ ಗಣತಿಯಲ್ಲಿ ಒಂದು, ಎರಡು ಎಂಬ ಅಂಕಿಗಳೇ ಕಾಣುತ್ತವೆ. ಆ ಅಂಕಿ ತೋರಿಸಿ ಯಾರಾದರೂ ಸಾವಿರಾರು ರೂಪಾಯಿ ಕೇಳಿದರೆ, ಮೊದಲು ಮನೆಯ ಹಳೆಯ ಹುಂಡಿಯನ್ನು ಒಡೆದು, ದೀಪ ಹಚ್ಚಿ ಕುಳಿತು ನೋಡಿ.